ಗಾಜಿನ ಪುಡಿಯೂ ಹಲ್ಲಿನ ಜುಮ್ಮೆನ್ನುವಿಕೆಯೂ



ಕಳೆದ ತಿಂಗಳು ಒಂದು ಭಾನುವಾರ ಪೂಜೆ ಮುಗಿದ ಮೇಲೆ ನಮ್ಮ ಧರ್ಮಕೇಂದ್ರದ ರೈತರೊಬ್ಬರು ಕೈಯಲ್ಲಿ ಒಂದು ಟೂತ್‌ಪೇಸ್ಟಿನ ಪೆಟ್ಟಿಗೆ ಹಿಡಿದುಕೊಂಡು ನಮ್ಮ ಬಳಿಗೆ ಬಂದರು. ಮುಖದಲ್ಲಿ ಗಾಬರಿ ಕಾಣುತ್ತಿತ್ತು. "ಸ್ವಾಮಿ, ಇದರಲ್ಲಿ ಗಾಜಿನ ಪುಡಿ ಇದೆಯಂತೆ. ಮೈಸೂರಿನಲ್ಲಿ ನರ್ಸಿಂಗ್ ಓದುವ ಮಗಳು ಫೋನಿನಲ್ಲಿ ಹೇಳಿದಳು. ನಮ್ಮ ಮನೆಯವಳಿಗೆ ಡಾಕ್ಟರು ಇದನ್ನು ಬರೆದುಕೊಟ್ಟಿದ್ದಾರೆ. ಗಾಜು ಹೊಟ್ಟೆಗೆ ಹೋದರೆ ಕರುಳು ಉಳಿಯುತ್ತದೆಯೇ? ಇದರ ಸಹವಾಸವೇ ಬೇಡ, ಆ ಹಲ್ಲುಗಳನ್ನೇ ಕೀಳಿಸಿಬಿಡೋಣ ಅಂತ ಇದ್ದೇನೆ" ಎಂದರು.

ಅವರ ಭಯ ನಮಗೆ ಅರ್ಥವಾಗದೆ ಇರಲಿಲ್ಲ. ಗಾಜಿನ ಚೂರನ್ನು ನಾವು ಸಿಮೆಂಟಿಗೆ ಸೇರಿಸಿ ಇಲಿ ಬಿಲಕ್ಕೆ ಮೆತ್ತುತ್ತೇವೆಯೇ ಹೊರತು ಬಾಯಿಗೆ ಹಾಕಿಕೊಳ್ಳುವುದಿಲ್ಲ. ಆದರೆ ಅವರ ಮಾತಿನ ಕೊನೆಯ ಭಾಗ ನಮಗೆ ಹೆಚ್ಚು ಚಿಂತೆ ತಂದಿತು. ಆ ತಾಯಿಗೆ ಇನ್ನೂ ನಲವತ್ತಾರು ವರ್ಷ. ತಣ್ಣೀರು ತಾಗಿದರೆ ಜುಮ್ಮೆನ್ನುತ್ತದೆ ಎಂಬ ಒಂದೇ ಕಾರಣಕ್ಕೆ ಈಗಾಗಲೇ ಎರಡು ದವಡೆ ಹಲ್ಲು ಹೋಗಿವೆ. ಈಗ ಇನ್ನೂ ಮೂರು ಹಲ್ಲುಗಳ ಸರದಿ. ಒಂದು ಹಲ್ಲು ಕಿತ್ತರೆ ಪಕ್ಕದ ಹಲ್ಲು ಆ ಜಾಗಕ್ಕೆ ವಾಲುತ್ತದೆ, ಎದುರು ಸಾಲಿನ ಹಲ್ಲು ಕೆಳಗಿಳಿಯುತ್ತದೆ, ಬೇಲಿಯ ಒಂದು ಗೂಟ ಕಿತ್ತ ಹಾಗೆ. ಐವತ್ತು ದಾಟುವುದರೊಳಗೆ ಅನ್ನವನ್ನೂ ಹಿಸುಕಿ ತಿನ್ನುವ ಸ್ಥಿತಿ ಬರುತ್ತದೆ. ಆದ್ದರಿಂದ ಈ ತಿಂಗಳ ಅಂಕಣದಲ್ಲಿ ಮೆಣಸಿನ ಬಳ್ಳಿಯ ಸೊರಗು ರೋಗವನ್ನು ಪಕ್ಕಕ್ಕಿಟ್ಟು ಹಲ್ಲಿನ ವಿಷಯವನ್ನೇ ಬರೆಯುತ್ತಿದ್ದೇವೆ.

ಮೊದಲು ಹಲ್ಲು ಜುಮ್ಮೆನ್ನುವುದು ಏಕೆ ಎಂದು ನೋಡೋಣ. ಹಲ್ಲಿನ ಹೊರಗಿನ ಬಿಳಿಯ ಹೊದಿಕೆಗೆ ಎನಾಮಲ್ ಎಂದು ಹೆಸರು. ಅದರ ತೂಕದ ಶೇಕಡ 96ರಷ್ಟು ಖನಿಜವೇ. ನಮ್ಮ ಶರೀರದಲ್ಲಿ ಅದಕ್ಕಿಂತ ಗಟ್ಟಿಯಾದುದು ಬೇರೊಂದಿಲ್ಲ. ಅದರಲ್ಲಿ ನರವಿಲ್ಲ, ನೋವೂ ಇಲ್ಲ. ಅದರ ಒಳಗೆ ಕೊಂಚ ಹಳದಿಯಾಗಿರುವ ಡೆಂಟಿನ್ ಎಂಬ ಪದರವಿದೆ. ಅದರಲ್ಲಿ ಖನಿಜ ಸುಮಾರು ಶೇಕಡ 70 ಮಾತ್ರ, ಮತ್ತು ಅದರ ತುಂಬ ಕಣ್ಣಿಗೆ ಕಾಣದ ಸಣ್ಣ ಕೊಳವೆಗಳಿವೆ. ಒಂದು ಚದರ ಮಿಲಿಮೀಟರ್ ಜಾಗದಲ್ಲಿ ಇಂತಹ ಕೊಳವೆಗಳು ಹತ್ತಾರು ಸಾವಿರ! ಒಂದೊಂದರ ಅಗಲ ಮಿಲಿಮೀಟರಿನ ಸಾವಿರದಲ್ಲಿ ಒಂದೆರಡು ಪಾಲು. ಈ ಕೊಳವೆಗಳಲ್ಲಿ ನೀರಿನಂತಹ ದ್ರವವಿದ್ದು, ಒಳತುದಿ ಹಲ್ಲಿನ ಮಧ್ಯದಲ್ಲಿರುವ ನರದ ಕಡೆಗೆ ತೆರೆದಿರುತ್ತದೆ.

ಗದ್ದೆಯ ಬದುವಿನಲ್ಲಿ ಏಡಿ ಬಿಲ ತೋಡಿದರೆ ಏನಾಗುತ್ತದೆಂದು ನಿಮಗೆ ನಾವು ಹೇಳಬೇಕಾಗಿಲ್ಲ. ಮೇಲಿನ ಗದ್ದೆಯ ನೀರು ಸದ್ದಿಲ್ಲದೆ ಕೆಳಗಿನ ಗದ್ದೆಗೆ ಹರಿದುಹೋಗುತ್ತದೆ. ಹಲ್ಲಿನಲ್ಲೂ ಹಾಗೆಯೇ. ಎನಾಮಲ್ ಸವೆದಾಗ ಅಥವಾ ವಸಡು ಕೆಳಗೆ ಸರಿದು ಬೇರಿನ ಭಾಗ ಬಯಲಾದಾಗ ಆ ಕೊಳವೆಗಳ ಹೊರಬಾಯಿ ತೆರೆದುಕೊಳ್ಳುತ್ತದೆ. ತಣ್ಣೀರೋ, ಗಾಳಿಯೋ, ಸಿಹಿಯೋ ತಾಗಿದ ಕ್ಷಣ ಒಳಗಿನ ದ್ರವ ಸರ್ರನೆ ಚಲಿಸುತ್ತದೆ. ಆ ಚಲನೆಯೇ ನರವನ್ನು ಎಬ್ಬಿಸುತ್ತದೆ. ಸ್ವೀಡನ್ ದೇಶದ ಬ್ರಾನ್‌ಸ್ಟ್ರಾಮ್ ಎಂಬ ದಂತವಿಜ್ಞಾನಿ 1960ರ ದಶಕದಲ್ಲಿ ಇದನ್ನು ಪ್ರಯೋಗಗಳಿಂದ ತೋರಿಸಿಕೊಟ್ಟರು. ಬ್ರಿಟನ್ನಿನ ಸಂಶೋಧಕರು 1987ರಲ್ಲಿ ಜುಮ್ಮೆನ್ನುವ ಹಲ್ಲನ್ನೂ ಜುಮ್ಮೆನ್ನದ ಹಲ್ಲನ್ನೂ ಸೂಕ್ಷ್ಮದರ್ಶಕದಲ್ಲಿ ಇಟ್ಟು ನೋಡಿದಾಗ, ಜುಮ್ಮೆನ್ನುವ ಹಲ್ಲಿನಲ್ಲಿ ತೆರೆದ ಕೊಳವೆಗಳು ಸುಮಾರು ಎಂಟು ಪಟ್ಟು ಹೆಚ್ಚಿದ್ದವು, ಅಗಲವೂ ಎರಡರಷ್ಟಿತ್ತು. ಅಂದಮೇಲೆ ಬಿಲ ಮುಚ್ಚಿದರೆ ನೋವು ನಿಲ್ಲಬೇಕು. ಬಿಲ ಬಿದ್ದಿತೆಂದು ಯಾರೂ ಗದ್ದೆಯನ್ನೇ ಮಾರುವುದಿಲ್ಲವಲ್ಲ.

ಇನ್ನು ಬಿಲ ತೋಡುವ ಏಡಿ ಯಾವುದು? ಇಲ್ಲಿ ಸ್ವಲ್ಪ ಕಹಿ ಮಾತು ಹೇಳಬೇಕಾಗಿದೆ.

ನಮ್ಮ ಗೂಡಲೂರಿನ ಕಡೆ ಎಷ್ಟೋ ಮನೆಗಳಲ್ಲಿ ಹಿರಿಯರು ಇಂದಿಗೂ ಉಮಿಕರಿಯಿಂದ, ಅಂದರೆ ಸುಟ್ಟ ಭತ್ತದ ಹೊಟ್ಟಿನ ಪುಡಿಯಿಂದ, ಹಲ್ಲುಜ್ಜುತ್ತಾರೆ. ಕೆಲವರು ಉಪ್ಪು, ಬೂದಿ, ಇಟ್ಟಿಗೆ ಪುಡಿಯನ್ನೂ ಬಳಸುತ್ತಾರೆ. ಹಲ್ಲು ಬೆಳ್ಳಗಾಗುತ್ತದೆ ನಿಜ. ಆದರೆ ಭತ್ತದ ಹೊಟ್ಟನ್ನು ಪೂರ್ತಿ ಸುಟ್ಟು ಬೂದಿ ಮಾಡಿದರೆ ಅದರಲ್ಲಿ ಹತ್ತರಲ್ಲಿ ಒಂಬತ್ತು ಪಾಲಿನಷ್ಟು ಸಿಲಿಕ, ಎಂದರೆ ಮರಳಿನ ಸತ್ವವೇ, ಇರುತ್ತದೆ. ದಿನಾ ಬೆರಳಿನಿಂದ ಗಸಗಸ ತಿಕ್ಕಿದರೆ ಕೊಡಲಿಯನ್ನು ಸಾಣೆಕಲ್ಲಿಗೆ ಹಿಡಿದ ಹಾಗೆ. ಅಡಿಕೆ ಜಗಿಯುವವರ ಹಲ್ಲಿನ ತಲೆ ಚಪ್ಪಟೆಯಾಗಿ ಸವೆದಿರುವುದನ್ನು ನೀವೇ ನೋಡಿದ್ದೀರಿ. ಅಡಿಕೆ ಹಲ್ಲನ್ನು ಸವೆಸುವುದಷ್ಟೇ ಅಲ್ಲ. ಅದು ಕ್ಯಾನ್ಸರ್ ತರುವ ವಸ್ತು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದೆ. ಅಡಿಕೆ ಬೆಳೆಯುವವರ ನಡುವೆ ಈ ಮಾತು ರುಚಿಸದು. ಆದರೂ ಬರೆಯದೆ ಇರಲಾರೆವು.

ಎರಡನೆಯ ಏಡಿ ಹುಳಿ. ಟೀ ತೋಟದವರಿಗೆ ರಸಸಾರದ ಲೆಕ್ಕ ಚೆನ್ನಾಗಿ ಗೊತ್ತು. ಮಣ್ಣಿನ ರಸಸಾರ 4.5ರಿಂದ 5.5ರ ನಡುವೆ ಇದ್ದರೆ ಟೀ ಗಿಡ ಚೆನ್ನಾಗಿ ಬರುತ್ತದೆ. ತೀರಾ ಇಳಿದರೆ ಮಣ್ಣು ಪರೀಕ್ಷೆ ಮಾಡಿಸಿ ಡಾಲಮೈಟ್ ಸುಣ್ಣ ಹಾಕುತ್ತೇವೆ. ಟೀ ಗಿಡಕ್ಕೆ ಹಿತವಾದ ಈ ಹುಳಿ ಹಲ್ಲಿಗೆ ಆಗದು. ಬಾಯಿಯ ರಸಸಾರ ಸುಮಾರು 5.5ಕ್ಕಿಂತ ಇಳಿದರೆ ಎನಾಮಲ್ ಕರಗತೊಡಗುತ್ತದೆ. ಒಳಗಿನ ಡೆಂಟಿನ್ ಅದಕ್ಕೂ ಮೊದಲೇ ಕರಗುತ್ತದೆ. ನಿಂಬೆ, ಹುಣಸೆ, ಪ್ಯಾಶನ್ ಹಣ್ಣು, ಬಾಟಲಿಯ ಬಣ್ಣದ ಪಾನೀಯ, ಹೊಟ್ಟೆಯಿಂದ ಮೇಲೆ ಬರುವ ಹುಳಿತೇಗು ಎಲ್ಲವೂ ಈ ಗುಂಪಿನವೇ. ಹುಳಿ ದ್ರಾಕ್ಷಿ ತಿಂದರೆ ಹಲ್ಲು ಚಳಿಯುವ ಗಾದೆಯೊಂದು ಪ್ರವಾದಿ ಯೆರೆಮೀಯನ ಗ್ರಂಥದಲ್ಲಿಯೇ ಇದೆ. ತಂದೆ ತಿಂದುದಕ್ಕೆ ಮಕ್ಕಳ ಹಲ್ಲು ಚಳಿಯುವುದಿಲ್ಲ, ತಿಂದವನದೇ ಚಳಿಯುತ್ತದೆ ಎಂಬ ಪ್ರವಾದಿಯ ವಾದವನ್ನು ಇಂದಿನ ದಂತವೈದ್ಯರೂ ಒಪ್ಪುತ್ತಾರೆ.

ಹುಳಿಯ ಬಗ್ಗೆ ಉಪದೇಶ ಮಾಡುವ ಯೋಗ್ಯತೆ ನಮಗೂ ಇರಲಿಲ್ಲ. ಕೆಲವು ವರ್ಷಗಳ ಹಿಂದೆ ಮೈ ತೂಕ ಇಳಿಸಬೇಕೆಂದು ದಿನವೂ ಬೆಳಿಗ್ಗೆ ಬಿಸಿನೀರಿಗೆ ನಿಂಬೆರಸ ಹಿಂಡಿ ಕುಡಿಯುತ್ತಿದ್ದೆವು. ಕುಡಿದ ಕೂಡಲೇ, ಬಾಯಿ ಶುದ್ಧವಾಗಲೆಂದು, ಗಟ್ಟಿ ಬ್ರಷ್ಷಿನಿಂದ ಅಡ್ಡಡ್ಡಕ್ಕೆ ಜೋರಾಗಿ ಉಜ್ಜುತ್ತಿದ್ದೆವು. ತೂಕವೇನೂ ಇಳಿಯಲಿಲ್ಲ. ಒಂದು ಡಿಸೆಂಬರ್ ಮುಂಜಾನೆ ಮಾತಾಡಲು ಬಾಯಿ ತೆರೆದರೆ ತಣ್ಣನೆಯ ಗಾಳಿಗೆ ಎಡಗಡೆಯ ಹಲ್ಲುಗಳಲ್ಲಿ ಮಿಂಚು ಹೊಡೆದಂತಾಯಿತು. ದಂತವೈದ್ಯರು ಕನ್ನಡಿ ಹಿಡಿದು ತೋರಿಸಿದರು: ಎಡಗಡೆಯ ಕೋರೆಹಲ್ಲು ಮತ್ತು ಅದರ ಪಕ್ಕದ ಹಲ್ಲುಗಳ ಬುಡದಲ್ಲಿ, ಮಚ್ಚಿನಿಂದ ಕಚ್ಚು ಹಾಕಿದಂತಹ ಗುರುತು. ಬಲಗೈಯವರು ಎಡಗಡೆಯನ್ನು ಹೆಚ್ಚು ಬಲವಾಗಿ ಉಜ್ಜುತ್ತಾರಂತೆ. ಹುಳಿಯಿಂದ ಮೆತ್ತಗಾದ ಹಲ್ಲನ್ನು ಕೂಡಲೇ ಉಜ್ಜಿದರೆ ಮಳೆ ಬಿದ್ದು ನೆನೆದ ಹೊಸ ಬದುವಿನ ಮೇಲೆ ಎಮ್ಮೆ ಹತ್ತಿಸಿದ ಹಾಗೆ. ಹುಳಿ ತಿಂದ ಮೇಲೆ ನೀರಿನಿಂದ ಬಾಯಿ ಮುಕ್ಕಳಿಸಿ, ಅರ್ಧ ಗಂಟೆಯಾದರೂ ಬಿಟ್ಟು ಉಜ್ಜಬೇಕು. ಆ ಅರ್ಧ ಗಂಟೆಯಲ್ಲಿ ಎಂಜಲು ತನ್ನ ಕೆಲಸ ಮಾಡುತ್ತದೆ. ಎಂಜಲಿನಲ್ಲಿ ಸುಣ್ಣದ ಸತ್ವವೂ ರಂಜಕವೂ ಇವೆ. ಕರಗಿದ ಹಲ್ಲಿಗೆ ಅದೇ ದಿನನಿತ್ಯದ ಡಾಲಮೈಟ್.

ಈಗ ಗಾಜಿನ ವಿಷಯಕ್ಕೆ ಬರೋಣ. ಇದರ ಕಥೆ ಒಂದು ಬಸ್ಸಿನಲ್ಲಿ ಶುರುವಾಗುತ್ತದೆ. ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದಲ್ಲಿ ಲ್ಯಾರಿ ಹೆಂಚ್ ಎಂಬ ಗಾಜಿನ ವಿಜ್ಞಾನಿ ಇದ್ದರು. 1967ರಲ್ಲಿ ಅವರು ಒಂದು ವಿಜ್ಞಾನ ಸಮ್ಮೇಳನಕ್ಕೆ ಹೋಗುವಾಗ ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತವರು ವಿಯೆಟ್ನಾಂ ಯುದ್ಧದಿಂದ ಮರಳಿದ್ದ ಒಬ್ಬ ಸೇನಾಧಿಕಾರಿ. ಗಾಯಗೊಂಡ ಸೈನಿಕರಿಗೆ ಲೋಹವನ್ನೋ ಪ್ಲಾಸ್ಟಿಕ್ಕನ್ನೋ ಜೋಡಿಸಿದರೆ ಶರೀರ ಅದನ್ನು ಒಪ್ಪುವುದಿಲ್ಲ, ಕೈಕಾಲು ಕತ್ತರಿಸಬೇಕಾಗಿ ಬರುತ್ತದೆ. ಶರೀರ ಒಪ್ಪುವ ವಸ್ತುವನ್ನು ನೀವು ಮಾಡಲಾರಿರಾ ಎಂದು ಆತ ಕೇಳಿದರಂತೆ. ಆ ಪ್ರಶ್ನೆ ಹೆಂಚ್ ಅವರನ್ನು ಬಿಡಲಿಲ್ಲ. ಮೂಳೆಯಲ್ಲಿರುವುದು ಸುಣ್ಣದ ಸತ್ವ ಮತ್ತು ರಂಜಕ; ಅವೆರಡನ್ನೂ ಗಾಜಿನೊಳಗೆ ಸೇರಿಸಿದರೆ ಹೇಗೆ ಎಂದು ಯೋಚಿಸಿ 1969ರಲ್ಲಿ ಒಂದು ಹೊಸ ಗಾಜನ್ನು ತಯಾರಿಸಿದರು. ಇಲಿಗಳ ತೊಡೆಮೂಳೆಯಲ್ಲಿ ಅದರ ಚೂರುಗಳನ್ನು ಇರಿಸಲಾಯಿತು. ಆರು ವಾರಗಳ ನಂತರ ನೋಡಿದರೆ ಚೂರುಗಳು ಮೂಳೆಗೆ ಅಂಟಿಕೊಂಡು ಎಷ್ಟು ಎಳೆದರೂ ಹೊರಗೆ ಬರಲಿಲ್ಲ. 1985ರಲ್ಲಿ ಕಿವಿಯ ಒಳಗಿನ ಸಣ್ಣ ಮೂಳೆಗೆ ಬದಲಾಗಿ, 1993ರಲ್ಲಿ ಹಲ್ಲಿನ ಸುತ್ತ ಸವೆದ ದವಡೆಮೂಳೆಯನ್ನು ತುಂಬಲು, ಈ ಗಾಜು ಬಳಕೆಗೆ ಬಂತು. ಅದನ್ನೇ ಇನ್ನೂ ನುಣ್ಣಗೆ ಅರೆದು ಟೂತ್‌ಪೇಸ್ಟಿಗೆ ಬೆರೆಸಿದ್ದು ಆಮೇಲಿನ ಮಾತು. ಹೆಂಚ್ 2015ರಲ್ಲಿ ತೀರಿಕೊಂಡರು. ಆತ ಮಕ್ಕಳಿಗಾಗಿ ಒಂದು ಯಂತ್ರಬೆಕ್ಕಿನ ಕಥೆಪುಸ್ತಕಗಳನ್ನೂ ಬರೆದಿದ್ದರು ಎಂಬುದು ನಮಗೆ ಬಹಳ ಹಿಡಿಸಿದ ಸಂಗತಿ.

ಕಿಟಕಿಯ ಗಾಜಿಗೂ ಇದಕ್ಕೂ ವ್ಯತ್ಯಾಸವೇನು? ಕಿಟಕಿ ಗಾಜಿನಲ್ಲಿ ಮರಳಿನ ಸತ್ವ ಶೇಕಡ 70ಕ್ಕೂ ಮಿಕ್ಕಿ ಇರುತ್ತದೆ. ಆದ್ದರಿಂದಲೇ ಅದು ನೂರು ಮಳೆಗಾಲ ಕಂಡರೂ ಕರಗುವುದಿಲ್ಲ. ಹೆಂಚ್ ಅವರ ಗಾಜಿನಲ್ಲಿ ಅದು ತೂಕದಲ್ಲಿ ಶೇಕಡ 45 ಮಾತ್ರ. ಉಳಿದದ್ದರಲ್ಲಿ ಸೋಡಾ ಶೇಕಡ 24.5, ಸುಣ್ಣ ಶೇಕಡ 24.5, ರಂಜಕದ ಆಕ್ಸೈಡ್ ಶೇಕಡ 6. ಮರಳು ಕಡಿಮೆಯಾಗಿ ಸೋಡಾ, ಸುಣ್ಣ ಹೆಚ್ಚಾದ್ದರಿಂದ ಈ ಗಾಜಿನ ಕಟ್ಟು ಸಡಿಲ. ಎಂಜಲು ತಾಗಿದೊಡನೆ ಸೋಡಾದ ಸತ್ವ ಹೊರಬರುತ್ತದೆ, ಆ ಜಾಗದಲ್ಲಿ ಹುಳಿ ಇಳಿಯುತ್ತದೆ. ನಂತರ ಗಾಜಿನಿಂದ ಸುಣ್ಣದ ಸತ್ವವೂ ರಂಜಕವೂ ಬಿಡುಗಡೆಯಾಗಿ, ಎಂಜಲಿನಲ್ಲಿರುವ ಅವೇ ಸತ್ವಗಳ ಜೊತೆ ಸೇರಿ, ಹಲ್ಲಿನ ಮೇಲೆ ಒಂದು ಪದರವಾಗಿ ಕೂರುತ್ತವೆ. ಆ ಪದರ ಹಲ್ಲಿನ ಸ್ವಂತ ಖನಿಜದಂತೆಯೇ ಇರುತ್ತದೆ. ಅದೇ ಕೊಳವೆಗಳ ಬಾಯಿಗೆ ಮೆತ್ತಿಕೊಂಡು ಬಿಲ ಮುಚ್ಚುತ್ತದೆ. ಉಮಿಕರಿಯಲ್ಲಿಯೂ ಮರಳಿನ ಸತ್ವ, ಇದರಲ್ಲಿಯೂ ಮರಳಿನ ಸತ್ವ. ಅದು ಕರಗದೆ ಗೀರುತ್ತದೆ, ಇದು ಕರಗಿ ಕಟ್ಟುತ್ತದೆ. ನುಣ್ಣಗೆ ಅರೆದ ಈ ಪುಡಿಗೆ ಚೂಪು ಅಂಚಿನ ಭಯವಿಲ್ಲ. ಅಷ್ಟೇಕೆ, ನಾವೆಲ್ಲ ದಿನವೂ ಉಜ್ಜುವ ಎಷ್ಟೋ ಸಾಮಾನ್ಯ ಪೇಸ್ಟುಗಳಲ್ಲಿಯೂ ನುಣುಪಾದ ಸಿಲಿಕ ಇದ್ದೇ ಇದೆ.

ಒಂದು ವಿಚಿತ್ರವನ್ನು ಗಮನಿಸಿರಬಹುದು. ಈ ಪೇಸ್ಟು ಬಾಯಿಗೆ ಜಿಗುಟಾಗಿ, ಸ್ವಲ್ಪ ಬೆಚ್ಚಗೆ ಅನಿಸುತ್ತದೆ. ಸಿಮೆಂಟಿನ ಮೂಟೆಗೆ ನೀರು ಬಿದ್ದರೆ ಮೂಟೆಯಲ್ಲೇ ಗಟ್ಟಿಯಾಗುವಂತೆ, ಈ ಗಾಜಿಗೂ ಟ್ಯೂಬಿನಲ್ಲೇ ನೀರು ಸಿಕ್ಕರೆ ಕೆಲಸವೆಲ್ಲ ಅಲ್ಲೇ ಮುಗಿದುಹೋಗುತ್ತದೆ. ಅದಕ್ಕಾಗಿ ನೀರಿನ ಬದಲು ಗ್ಲಿಸರಿನ್ನಿನಲ್ಲಿ ಕಲಸಿರುತ್ತಾರೆ. ಆದ್ದರಿಂದ ಒದ್ದೆ ಬ್ರಷ್ಷನ್ನು ಟ್ಯೂಬಿನ ಬಾಯಿಗೆ ಒತ್ತಬೇಡಿ, ಮುಚ್ಚಳ ಹಾಕಲು ಮರೆಯಬೇಡಿ.

ಇದೆಲ್ಲ ಹೊರದೇಶದ ಮಾತಾಯಿತು, ನಮ್ಮವರ ಬಾಯಲ್ಲಿ ನಡೆಯುತ್ತದೆಯೇ ಎಂದು ಕೇಳುವವರಿಗೆ ಬೆಂಗಳೂರಿನ ಉದಾಹರಣೆಯೇ ಇದೆ. ಅಲ್ಲಿನ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿನ ಡಾ. ಎ. ಆರ್. ಪ್ರದೀಪ್ ಮತ್ತು ಡಾ. ಶರ್ಮ ಇದನ್ನು ಪರೀಕ್ಷಿಸಿ 2010ರಲ್ಲಿ ಫಲಿತಾಂಶ ಪ್ರಕಟಿಸಿದರು. ಹಲ್ಲು ಜುಮ್ಮೆನ್ನುವ 110 ಮಂದಿಯನ್ನು ಮೂರು ಗುಂಪು ಮಾಡಿ, ಒಂದಕ್ಕೆ ಗಾಜಿನ ಪೇಸ್ಟು, ಇನ್ನೊಂದಕ್ಕೆ ಪೊಟ್ಯಾಶಿಯಂ ನೈಟ್ರೇಟ್ ಪೇಸ್ಟು, ಮೂರನೆಯದಕ್ಕೆ ಔಷಧಿಯಿಲ್ಲದ ಬರೀ ಪೇಸ್ಟು ಕೊಟ್ಟರು. ಎರಡು ವಾರಕ್ಕೊಮ್ಮೆ, ಆರು ವಾರಕ್ಕೊಮ್ಮೆ ಹಲ್ಲಿಗೆ ಗಾಳಿ ಊದಿ, ತಣ್ಣೀರು ತಾಗಿಸಿ ನೋಡಿದರು. ಗಾಜಿನ ಪೇಸ್ಟಿನವರಿಗೆ ಎಲ್ಲರಿಗಿಂತ ಹೆಚ್ಚು ಗುಣ ಕಂಡಿತು. ಬರೀ ಪೇಸ್ಟು ಉಜ್ಜಿದವರೂ ಸ್ವಲ್ಪ ಕಡಿಮೆಯಾಯಿತು ಎನ್ನುವುದು ಇಂತಹ ಪರೀಕ್ಷೆಗಳಲ್ಲಿ ಸಾಮಾನ್ಯ. ಅದಕ್ಕೇ ಮೂರನೆಯ ಗುಂಪು ಬೇಕಾಗುವುದು. ಪಕ್ಕದ ಮನೆಯವರಿಗೆ ಗುಣವಾಯಿತು ಎಂಬ ಒಂದೇ ಸಾಕ್ಷಿಯ ಮೇಲೆ ಔಷಧಿ ಕೊಳ್ಳುವ ನಮಗೆ ಇದರಲ್ಲಿ ಕಲಿಯುವುದಿದೆ.

ಪೊಟ್ಯಾಶಿಯಂ ನೈಟ್ರೇಟ್ ಎಂದೊಡನೆ ಕೆಲವರು ತಲೆಯೆತ್ತಿರಬಹುದು. ಹೌದು, ಗಿಡಗಳಿಗೆ ಸಿಂಪಡಿಸುವ 13-0-45 ಗೊಬ್ಬರವೂ ಅದೇ. ಪೇಸ್ಟಿನಲ್ಲಿ ಶುದ್ಧಗೊಳಿಸಿದ ರೂಪದಲ್ಲಿ ಸಾಮಾನ್ಯವಾಗಿ ಶೇಕಡ 5 ಇರುತ್ತದೆ. ಗೊಬ್ಬರದ ಚೀಲದಿಂದ ತೆಗೆದು ಯಾರೂ ಹಲ್ಲಿಗೆ ಹಚ್ಚಬಾರದು. ಅದು ಬಿಲ ಮುಚ್ಚುವುದಿಲ್ಲ, ನರವನ್ನು ಮಂಕುಗೊಳಿಸುತ್ತದೆ. ಅದೂ ಕೆಟ್ಟದ್ದಲ್ಲ, ಬೆಲೆಯೂ ಕಡಿಮೆ. ಹಸಿರೆಲೆಯ ದರ ಇಳಿದಿರುವ ತಿಂಗಳಲ್ಲಿ ದುಬಾರಿ ಟ್ಯೂಬು ಕೊಳ್ಳಲಾಗದವರು ಅದನ್ನೇ ಬಳಸಿದರೆ ತಪ್ಪಿಲ್ಲ.

ಕೊಳ್ಳುವವರು ಪೆಟ್ಟಿಗೆಯ ಮುಂಭಾಗದ ದೊಡ್ಡ ಅಕ್ಷರ ನೋಡಬೇಡಿ, ಹಿಂಭಾಗದ ಸಣ್ಣ ಅಕ್ಷರ ಓದಿಸಿ. ಕ್ಯಾಲ್ಸಿಯಂ ಸೋಡಿಯಂ ಫಾಸ್ಫೋಸಿಲಿಕೇಟ್ ಎಂದಿದ್ದರೆ ಅದೇ ಈ ಗಾಜು. ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದಲ್ಲಿ ಹುಟ್ಟಿ 2016ರಲ್ಲಿ ಮಾರುಕಟ್ಟೆಗೆ ಬಂದ ಇನ್ನೊಂದು ಬಗೆಯಲ್ಲಿ ಫ್ಲೋರೈಡನ್ನು ಗಾಜಿನೊಳಗೇ ಸೇರಿಸಿದ್ದಾರೆ. ಅದರ ಮೇಲೆ ಫ್ಲೋರೋ ಕ್ಯಾಲ್ಸಿಯಂ ಫಾಸ್ಫೋಸಿಲಿಕೇಟ್ ಎಂದು ಬರೆದಿರುತ್ತದೆ. ಗಲ್ಫಿನಿಂದಲೋ ಅಮೆರಿಕದಿಂದಲೋ ಮಕ್ಕಳು ತರುವ ಟ್ಯೂಬುಗಳ ವಿಷಯದಲ್ಲಿ ಜಾಗ್ರತೆ. 2011ರಲ್ಲಿ ಯೂರೋಪಿನಲ್ಲಿ ಸೆನ್ಸೊಡೈನ್ ಕಂಪನಿಯವರ ರಿಪೇರ್ ಅಂಡ್ ಪ್ರೊಟೆಕ್ಟ್ ಪೇಸ್ಟು ಈ ಗಾಜಿನೊಂದಿಗೆ ಬಂದಿತು. ಅಮೆರಿಕದಲ್ಲಿ ಅದೇ ಹೆಸರಿನಲ್ಲಿ ಬಂದ ಪೇಸ್ಟಿನಲ್ಲಿ ಗಾಜಿನ ಬದಲು ಸ್ಟ್ಯಾನಸ್ ಫ್ಲೋರೈಡ್ ಇತ್ತು. ಹುಳುಕಿನಿಂದ ಕಾಪಾಡುವ ಫ್ಲೋರೈಡ್ ಈ ಜಾತಿಯ ಎಲ್ಲ ಪೇಸ್ಟುಗಳಲ್ಲಿಯೂ ಇರುವುದಿಲ್ಲ ಎಂಬುದನ್ನೂ ನೋಡಿಕೊಳ್ಳಿ.

ಬಳಸುವ ಕ್ರಮ ಸುಲಭ. ಮೆತ್ತನೆಯ ಬ್ರಷ್ಷಿನಲ್ಲಿ ಬಟಾಣಿ ಕಾಳಿನಷ್ಟು ಪೇಸ್ಟು ಹಾಕಿ, ದಿನಕ್ಕೆ ಎರಡು ಸಲ, ಎರಡು ನಿಮಿಷ ಹಗುರವಾಗಿ ಉಜ್ಜಿ. ಉಗುಳಿ, ಆದರೆ ಚೊಂಬುಗಟ್ಟಲೆ ನೀರಿನಿಂದ ಮುಕ್ಕಳಿಸಬೇಡಿ. ಹಾಗೆ ಮಾಡಿದರೆ ಔಷಧಿ ಹೊಡೆದ ಕೂಡಲೇ ಮಳೆ ಸುರಿದಂತೆ. ನಾವು ಮೊದಲ ಟ್ಯೂಬನ್ನು ಪೂರ್ತಿ ಹೀಗೆಯೇ ತೊಳೆದು ಹಾಳುಮಾಡಿದೆವು. ಎರಡು ಮೂರು ದಿನದಲ್ಲಿ ಗುಣ ಕಾಣಲಿಲ್ಲವೆಂದು ಬಿಡಬೇಡಿ. ಕೆಲವು ವಾರ ಬೇಕು. ನಿಲ್ಲಿಸಿ ಮತ್ತೆ ಹುಳಿ, ಉಮಿಕರಿ ಹಿಡಿದರೆ ಪದರ ಸವೆದು ಬಿಲ ಮತ್ತೆ ತೆರೆಯುತ್ತದೆ. ಸವೆದುಹೋದ ಎನಾಮಲ್ ಇದರಿಂದ ಮತ್ತೆ ಬೆಳೆಯುವುದೂ ಇಲ್ಲ.

ಎಲ್ಲಕ್ಕಿಂತ ಮುಖ್ಯವಾದ ಮಾತು ಇದು: ಎಲ್ಲ ಹಲ್ಲುನೋವೂ ಜುಮ್ಮೆನ್ನುವಿಕೆಯಲ್ಲ. ತಣ್ಣನೆಯದು ತಾಗಿದಾಗ ಚುರ್ರೆಂದು, ತೆಗೆದ ಕೆಲವೇ ಕ್ಷಣಗಳಲ್ಲಿ ನಿಲ್ಲುವ ನೋವು ಮಾತ್ರ ಈ ಪೇಸ್ಟಿನ ಪಾಲಿನದು. ಬಿಸಿ ಕುಡಿದಾಗ ಶುರುವಾಗಿ ನಿಮಿಷಗಟ್ಟಲೆ ಉಳಿಯುವ ನೋವು, ರಾತ್ರಿ ನಿದ್ದೆಯಿಂದ ಎಬ್ಬಿಸುವ ಮಿಡಿತ, ಕಚ್ಚಿದಾಗ ಮಾತ್ರ ಬರುವ ನೋವು, ಕೆನ್ನೆಯ ಊತ, ಜ್ವರ ಇವು ಒಳಗಿನ ನರಕ್ಕೆ ಹುಳುಕು ತಲುಪಿದ್ದರ ಅಥವಾ ಹಲ್ಲು ಸೀಳಿದ್ದರ ಅಥವಾ ಕೀವು ಕಟ್ಟಿದ್ದರ ಗುರುತು. ಅಂತಹ ಹಲ್ಲಿಗೆ ಪೇಸ್ಟು ಮೆತ್ತುತ್ತ ಕಾಯುವುದು ಒಳಗೆ ಗೆದ್ದಲು ಹಿಡಿದ ಕಂಬಕ್ಕೆ ಬಣ್ಣ ಹೊಡೆದಂತೆ. ಬೇಗ ವೈದ್ಯರಲ್ಲಿಗೆ ಹೋಗಿ. ಮೈಸೂರಿಗೇ ಹೋಗಬೇಕೆನ್ನುವವರು ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆಂಬುದನ್ನು ನೆನಪಿಟ್ಟು ಹೊರಡಿ. ಹಲ್ಲುನೋವು ಹೆಚ್ಚಾಗುವುದು ಅದೇ ಹೊತ್ತಿನಲ್ಲಿ.

ಮೊದಲು ಹೇಳಿದ ಆ ಕುಟುಂಬಕ್ಕೆ ಬರೋಣ. ನಮ್ಮ ಮಾತಿನ ಮೇಲೆ ಅವರು ಆ ತಾಯಿಯನ್ನು ಮತ್ತೆ ದಂತವೈದ್ಯರ ಬಳಿಗೆ ಕರೆದುಕೊಂಡು ಹೋಗಿ ಒಂದೊಂದು ಹಲ್ಲನ್ನೂ ಬೇರೆ ಬೇರೆಯಾಗಿ ನೋಡಿಸಿದರು. ಮೂರರಲ್ಲಿ ಒಂದರೊಳಗೆ ಹುಳುಕಿತ್ತು. ಅದನ್ನು ಕೊರೆದು ತುಂಬಿದ್ದಾರೆ. ಉಳಿದ ಎರಡರಲ್ಲಿ ವಸಡು ಸರಿದು ಬೇರು ಬಯಲಾಗಿತ್ತು, ಅಷ್ಟೆ. ಅವಕ್ಕೆ ಐದು ವಾರದಿಂದ ಗಾಜಿನ ಪೇಸ್ಟು ನಡೆಯುತ್ತಿದೆ. ಹೋದ ಭಾನುವಾರ ಕೇಳಿದಾಗ, "ಬೆಳಗಿನ ತಣ್ಣೀರು ಇನ್ನೂ ಸ್ವಲ್ಪ ತಿಳಿಯುತ್ತೆ ಸ್ವಾಮಿ, ಆದರೆ ಮೊದಲಿನ ಹಾಗೆ ಜೀವ ಹೋಗೋದಿಲ್ಲ" ಎಂದರು ಆಕೆ. ಯಜಮಾನರಿಗೆ ಈಗ ಬೇರೆಯೇ ಚಿಂತೆ. ಮನೆಯಲ್ಲಿ ಒಂದು ಡಬ್ಬ ತುಂಬ ಉಮಿಕರಿ ಉಳಿದಿದೆ, ಏನು ಮಾಡಲಿ ಎಂದು ಕೇಳಿದರು. ಕೊಟ್ಟಿಗೆ ಗೊಬ್ಬರದ ಜೊತೆ ಬೆರೆಸಿ ಮೆಣಸಿನ ಬಳ್ಳಿಯ ಬುಡಕ್ಕೆ ಹಾಕಿ, ಮಣ್ಣು ಸಡಿಲವಾಗುತ್ತದೆ ಎಂದೆವು.